ಸಿ ಅಂದರೆ ಮೂಗು

ಕಲ್ಯಾಣಿಯನ್ನು ಮುಂದಿನ ಬೆಂಚಿಗೆ ಕರೆದ ದಿನ ಆರನೇ ತರಗತಿ ಇಡಿಯಾಗಿ ಮೂಗು ಮುಚ್ಚಿಕೊಂಡಿತು.

ಕರೆದವರು ಹೆಡ್‌ಮಾಸ್ಟರ್ ಭಾನುಪ್ರಕಾಶ್. ಅವರೇ ಖುದ್ದಾಗಿ ತರಗತಿಗೆ ಬಂದು, ಕೊನೆಯ ಸಾಲಿನ ಕಿಟಕಿ ಪಕ್ಕದ ಬೆಂಚಿನ ಕಡೆ ಕೈ ಮಾಡಿ, "ಕಲ್ಯಾಣಿ, ಎದ್ದು ಬಾರಮ್ಮ ಮುಂದಕ್ಕೆ" ಅಂದರು. ಅಮ್ಮ ಅಂದದ್ದು ಅವಳ ಕಿವಿಗೆ ಬಿತ್ತು. ನಂಬಿಕೆ ಬರಲಿಲ್ಲ. ಮರಸನದಿನ್ನೆಯ ಆ ಸರ್ಕಾರಿ ಶಾಲೆಯಲ್ಲಿ ಅವಳನ್ನು ಏಯ್ ಅಂದವರಿದ್ದರು, ಕಾಲೋನಿಯವಳೇ ಅಂದವರಿದ್ದರು, ಅಮ್ಮ ಅಂದವರಿರಲಿಲ್ಲ. ಅವಳು ಬ್ಯಾಗು ಎದೆಗೆ ಅವುಚಿಕೊಂಡು ಬೆಂಚುಗಳ ನಡುವೆ ನಡೆದು ಬಂದಳು. ಅವಳು ದಾಟಿದ ಕಡೆಯೆಲ್ಲ ಕೈಗಳು ಮೂಗಿಗೆ ಹೋದವು. ಮುಂದಿನ ಬೆಂಚಿನಲ್ಲಿದ್ದ ಬಯ್ಯಪ್ಪನ ಮೊಮ್ಮಗಳು ದುಪಟ್ಟಾದ ಚುಂಗಿನಿಂದ ಮೂಗು ಬಾಯಿ ಎರಡನ್ನೂ ಮುಚ್ಚಿಕೊಂಡು ಬೆಂಚಿನ ತುದಿಗೆ ಸರಿದಳು. ಬಯ್ಯಪ್ಪ ಶಾಲೆಯ ಸಮಿತಿಯ ಅಧ್ಯಕ್ಷ. ಮೊಮ್ಮಗಳ ಮೂಗಿಗೂ ಆ ಅಧಿಕಾರದ ಪಾಲು ಬಂದಿತ್ತು.

ವಾಸನೆ ಸುಳ್ಳಲ್ಲ. ಕಲ್ಯಾಣಿಯ ತಾಯಿ ಮುನಿಶಾಮಮ್ಮ ಬಷೀರ್ ಅಹಮದ್‌ನ ಶೆಡ್ಡಿನಲ್ಲಿ ರೇಷ್ಮೆ ನೂಲು ಬಿಚ್ಚುತ್ತಾಳೆ. ಬೆಳಕು ಹರಿಯುವ ಮೊದಲೇ ಒಲೆ ಉರಿಯುತ್ತದೆ. ಕುದಿಯುವ ನೀರಿಗೆ ಗೂಡು ಬೀಳುತ್ತದೆ. ಗೂಡಿನ ಒಳಗೆ ಹುಳ ಇರುತ್ತದೆ, ಅದೂ ಬೇಯುತ್ತದೆ. ಬೆಂದ ಗೂಡನ್ನು ನೀರಿನಲ್ಲಿ ತಡವಿ, ಕಣ್ಣಿಗೆ ಕಾಣದ ಎಳೆಯ ತುದಿ ಹಿಡಿದು, ರಾಟೆಗೆ ಕೊಡಬೇಕು. ಕೈ ನೀರಿನಿಂದ ಆಚೆ ಬರುವ ಹಾಗಿಲ್ಲ. ಕಲ್ಯಾಣಿ ಶಾಲೆಗೆ ಹೋಗುವ ಮುಂಚೆ ತಾಯಿಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ತುದಿ ಹಿಡಿದುಕೊಡುತ್ತಾಳೆ. ಬೆರಳ ತುದಿಗಳು ಬೆಳ್ಳಗೆ ಊದಿ ಚರ್ಮ ಸುಲಿದು ಬರುತ್ತದೆ. ಬೆಂದ ಹುಳದ ವಾಸನೆ ಉಗುರಿನ ಸಂದಿಗೆ, ಕೂದಲ ಬುಡಕ್ಕೆ, ಯೂನಿಫಾರಂ ಹೊಲಿಗೆಗೆ ಇಳಿಯುತ್ತದೆ. ಸೋಪಿಗೆ ಹೋಗುವುದಿಲ್ಲ. ಬಯ್ಯಪ್ಪನ ಹಿಪ್ಪುನೇರಳೆ ತೋಟಕ್ಕೆ ಆ ವಾಸನೆ ಇಲ್ಲ. ಅವನ ಮನೆಯಲ್ಲಿ ಬೆಳೆದು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗುವ ಬೆಳ್ಳನೆಯ ಗೂಡಿಗೂ ಇಲ್ಲ. ಅದೇ ಗೂಡು ಕುದಿದು ಮುನಿಶಾಮಮ್ಮನ ಕೈಗೆ ಬಂದಾಗ ಮಾತ್ರ ಊರಿಗೆ ಮೂಗು ಇರುವುದು ನೆನಪಾಗುತ್ತದೆ.

ಹಾಗಂತ ಎಲ್ಲಕ್ಕೂ ವಾಸನೆಯೇ ಕಾರಣ ಅಂದುಕೊಂಡರೆ ಅದೂ ಸುಳ್ಳು. ಕಲ್ಯಾಣಿಯ ಚಿಕ್ಕಪ್ಪ ಗಂಗರಾಜು ಶಿಡ್ಲಘಟ್ಟದಲ್ಲಿ ಆಟೋ ಓಡಿಸುತ್ತಾನೆ. ಮನೆಯ ಗೋಡೆಗೆ ಬುದ್ಧನ ಪಟ ಹಾಕಿಕೊಂಡಿದ್ದಾನೆ, ಮಗನಿಗೆ ಸಿದ್ಧಾರ್ಥ್ ಅಂತ ಹೆಸರಿಟ್ಟಿದ್ದಾನೆ, ದಿನಾ ಬೆಳಿಗ್ಗೆ ಹುಡುಗನ ಯೂನಿಫಾರಂ ಇಸ್ತ್ರಿ ಮಾಡಿಯೇ ಕಳಿಸುತ್ತಾನೆ. ಆ ಮನೆಯಲ್ಲಿ ಯಾರೂ ಗೂಡು ಮುಟ್ಟುವುದಿಲ್ಲ. ಆದರೂ ಅದೇ ಆರನೇ ತರಗತಿಯಲ್ಲಿ ಸಿದ್ಧಾರ್ಥ್ ಕೂರುವುದು ಕೊನೆಯ ಸಾಲಿನಲ್ಲೇ. ಅವನಿಗೆ ಯಾವ ವಾಸನೆ ಅಂತ ಯಾರೂ ಹೇಳಿಲ್ಲ, ಯಾರೂ ಕೇಳಿಲ್ಲ.

ಕಲ್ಯಾಣಿಯನ್ನು ಹಿಂದಕ್ಕೆ ಕೂರಿಸಿದವರು ಅನಸೂಯಮ್ಮ ಮಿಸ್. "ಕಿಟಕಿ ಹತ್ರ ಕೂತ್ಕೊಳೇ, ಗಾಳಿ ಆಡ್ತದೆ" ಅಂದಿದ್ದರು. ಗಾಳಿ ಯಾರಿಗೆ ಬೇಕಾಗಿತ್ತು ಅನ್ನುವುದು ಚಿಕ್ಕ ವಯಸ್ಸಿನಲ್ಲೇ ಅವಳಿಗೆ ತಿಳಿಯಿತು. ಅದಕ್ಕೆ ಅವಳು ಅಳಲಿಲ್ಲ. ಅಳು ಬಂದದ್ದು ಬೋರ್ಡಿಗೆ. ಒಲೆಯ ಹೊಗೆಗೋ, ಹುಟ್ಟಿನಿಂದಲೋ, ಅವಳ ಕಣ್ಣು ದೂರಕ್ಕೆ ಹಾಯುತ್ತಿರಲಿಲ್ಲ. ಅಷ್ಟು ದೂರದಿಂದ ಬೋರ್ಡು ಅಂದರೆ ಒಂದು ಕಪ್ಪು ಗೋಡೆ, ಅದರ ಮೇಲೆ ಚೆಲ್ಲಿದ ಅಕ್ಕಿ ನುಚ್ಚು. ಪಕ್ಕದಲ್ಲಿ ಕೂರುತ್ತಿದ್ದ ಮುಸರ್ರತ್, ಬಷೀರ್ ಅಹಮದ್‌ನ ಮಗಳು, ಬೋರ್ಡಿನ ಮೇಲಿದ್ದದ್ದನ್ನು ಪಿಸುದನಿಯಲ್ಲಿ ಓದಿ ಹೇಳುತ್ತಿದ್ದಳು. ಶೆಡ್ಡು ಅವರ ಮನೆಯ ಹಿಂದೆಯೇ ಇದ್ದುದರಿಂದ ಅವಳಿಗೂ ಕಿಟಕಿಯ ಗಾಳಿ ಸಿಕ್ಕಿತ್ತು. ಮುಸರ್ರತ್ ಓದುವಳು, ಕಲ್ಯಾಣಿ ಲೆಕ್ಕ ಬಿಡಿಸುವಳು, ಇಬ್ಬರೂ ಬರೆದುಕೊಳ್ಳುವರು. ಅಷ್ಟರಲ್ಲಿ ಮಿಸ್ "ಹಿಂದ್ಗಡೆ ಏನ್ರೇ ಗುಸುಗುಸು?" ಅಂತ ಡಸ್ಟರ್ ಎಸೆಯುವರು. ಹಾಗೇ ಓದಿದ್ದು ಅವಳು. ಮುಂದಿನ ಬೆಂಚು ಒಂದು ಸಿಕ್ಕಿದರೆ ಸಾಕು, ಬೇರೇನೂ ಬೇಡ ಅಂತ ಅವಳು ಮನಸ್ಸಿನಲ್ಲೇ ಕೇಳಿಕೊಳ್ಳದ ದಿನವಿರಲಿಲ್ಲ.

ಈಗ ಹೆಡ್‌ಮಾಸ್ಟರೇ ಕರೆದು ಕೂರಿಸಿದ್ದಾರೆ. ಪುಕ್ಕಟೆಗಲ್ಲ.

ಹೋದ ವರ್ಷ ಸರ್ಕಾರದ ಕಲಿಕಾ ಸಮೀಕ್ಷೆ ಅಂತ ಒಂದು ಪರೀಕ್ಷೆ ನಡೆದಿತ್ತು. ಪ್ರಶ್ನೆಗೆ ನಾಲ್ಕು ಉತ್ತರ, ಸರಿಯಾದದ್ದರ ಸೊನ್ನೆ ತುಂಬಬೇಕು. ಮರಸನದಿನ್ನೆ ಶಾಲೆ ತಾಲ್ಲೂಕಿಗೇ ಕಡೆ ಬಂತು. ಚಿಕ್ಕಬಳ್ಳಾಪುರದ ಮೀಟಿಂಗಿನಲ್ಲಿ ಭಾನುಪ್ರಕಾಶರನ್ನು ಎಲ್ಲ ಹೆಡ್‌ಮಾಸ್ಟರುಗಳ ನಡುವೆ ಎಬ್ಬಿಸಿ ನಿಲ್ಲಿಸಿ, "ಸಂಬಳ ಯಾಕ್ರೀ ತಗೋತೀರಿ?" ಅಂತ ಕೇಳಿದರಂತೆ. ಮೀಟಿಂಗು ಮುಗಿಯುವ ತನಕ ಕೂರಿಸಲಿಲ್ಲವಂತೆ. ಅವಮಾನ ಎಂದರೆ ಏನು ಅಂತ ಆ ಮನುಷ್ಯನಿಗೆ ಗೊತ್ತಾಯಿತು. ಗೊತ್ತಾದವನು ಬಂದು ಮಕ್ಕಳಿಗೆ ಓದಲು ಕಲಿಸಬಹುದಾಗಿತ್ತು. ಅವರು ಕಲಿಸಿದ್ದು ಬೇರೆ.

ಅಭ್ಯಾಸದ ಪರೀಕ್ಷೆಗಳಲ್ಲಿ ಪ್ರತಿ ಸಲ ಹೆಚ್ಚು ಅಂಕ ಕಲ್ಯಾಣಿಗೆ ಬರುತ್ತಿತ್ತು. ಮುಸರ್ರತ್‌ಳದ್ದು ನೋಡಿ ಬರೆಯುತ್ತಾಳೆ ಅಂತ ಅನಸೂಯಮ್ಮ ಇಬ್ಬರನ್ನೂ ದೂರ ಕೂರಿಸಿ ಬರೆಸಿದರು. ಆಗಲೂ ಬಂತು. ಸುದ್ದಿ ಹೆಡ್‌ಮಾಸ್ಟರ್‌ಗೆ ಹೋಯಿತು. ಈ ಸಲ ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಬರುತ್ತದೆ ಅನ್ನುವುದನ್ನು ಅವರು ಎಲ್ಲಿಂದಲೋ ತಿಳಿದುಕೊಂಡಿದ್ದರು. ಬಾಗಿಲು ಹಾಕಿಸಿ ಹೇಳಿದರು:

"ನೋಡ್ರೋ, ಎಲ್ರೂ ಕಲ್ಯಾಣಿ ಕಡೆ ನೋಡ್ಬೇಕು. ಅವಳು ತಲೆ ಮುಟ್ಟಿದ್ರೆ ಎ. ಕಿವಿ ಮುಟ್ಟಿದ್ರೆ ಬಿ. ಮೂಗು ಮುಟ್ಟಿದ್ರೆ ಸಿ. ಹೆಗಲು ಮುಟ್ಟಿದ್ರೆ ಡಿ. ಕೆಮ್ಮಿದ್ರೆ ಮುಂದಿನ ಪ್ರಶ್ನೆ. ತಿಳೀತಾ? ಪ್ರಶ್ನೆ ಓದಕ್ಕೆ ಹೋಗ್ಬೇಡಿ. ಓದಿದ್ರೆ ಕನ್‌ಫ್ಯೂಸ್ ಆಗ್ತೀರಿ. ಬುದ್ಧಿ ಉಪಯೋಗಿಸ್ಬೇಡಿ. ಬರೀ ಅವಳನ್ನ ನೋಡಿ."

"ಸಾರ್, ನನ್ನ ಪೇಪರ್ರು?" ಅಂದಳು ಕಲ್ಯಾಣಿ.

"ನಿಂದು ಕೊನೇಗೆ ತುಂಬ್ಕೊಳಮ್ಮ. ಟೈಮ್ ಉಳಿದ್ರೆ. ಸ್ಕೂಲ್ ಮರ್ಯಾದೆ ಮುಖ್ಯ."

ಅವಳು ಧೈರ್ಯ ಮಾಡಿ ಕೇಳಿದಳು: "ಪರೀಕ್ಷೆ ಆದ್ಮೇಲೂ ಇಲ್ಲೇ ಕೂತ್ಕೋಬೋದಾ ಸಾರ್?"

"ಕೂತ್ಕೋ. ಯಾರು ಬೇಡ ಅಂತಾರೆ?"

ಅಂದಿನಿಂದ ದಿನವೂ ಅದೇ ಪಾಠ. ಕಲ್ಯಾಣಿ ತಲೆ ಮುಟ್ಟುವಳು, ತರಗತಿ ಸೊನ್ನೆ ತುಂಬುವುದು. ಕಿವಿ ಮುಟ್ಟುವಳು, ತುಂಬುವುದು. ಕನ್ನಡ ಇಲ್ಲ, ಗಣಿತ ಇಲ್ಲ, ವಿಜ್ಞಾನ ಇಲ್ಲ. ಇರುವುದು ಒಬ್ಬ ಹುಡುಗಿಯ ತಲೆ, ಕಿವಿ, ಮೂಗು, ಹೆಗಲು. ನಿನ್ನೆಯ ತನಕ ಅವಳ ಕಡೆ ತಿರುಗದ ಮುಖಗಳು ಈಗ ರೆಪ್ಪೆ ಬಡಿಯದೆ ಅವಳನ್ನೇ ನೋಡುತ್ತಿದ್ದವು. ಇಂಟರ್‌ವಲ್ ಬೆಲ್ ಆದ ಕೂಡಲೇ ಮತ್ತೆ ಮೂಗು ಮುಚ್ಚಿಕೊಂಡು ಓಡುತ್ತಿದ್ದವು. ಅದನ್ನೆಲ್ಲ ಅವಳು ನುಂಗಿಕೊಂಡಳು. ಯಾಕೆಂದರೆ ಬೋರ್ಡು ಕಾಣುತ್ತಿತ್ತು. ಬೋರ್ಡಿನ ಮೂಲೆಯಲ್ಲಿ ಹಳೆಯ ತಾರೀಖು ಅರ್ಧ ಅಳಿಸಿದ್ದು ಕೂಡ ಕಾಣುತ್ತಿತ್ತು. ಮಾಡುತ್ತಿರುವುದು ಮೋಸ ಅನ್ನುವುದು ಅವಳಿಗೆ ತಿಳಿಯದೆ ಇರಲಿಲ್ಲ. ಆದರೆ ಅಕ್ಷರ ಕಾಣಬೇಕು ಅನ್ನುವ ಆಸೆ ಮೋಸಕ್ಕಿಂತ ದೊಡ್ಡದಾಗಿತ್ತು. ಹೊಟ್ಟೆ ತುಂಬಿದವರು ಬೇಕಾದರೆ ಅದನ್ನು ತಪ್ಪು ಅನ್ನಲಿ.

ಮನೆಯಲ್ಲಿ ಮುನಿಶಾಮಮ್ಮನಿಗೆ ಸನ್ನೆಯ ವಿಷಯ ಗೊತ್ತಿಲ್ಲ. ಮುಂದಿನ ಬೆಂಚಿನ ವಿಷಯ ಗೊತ್ತಾಗಿ ಕಾಲೋನಿಯ ಬೀದಿಯೆಲ್ಲ ಹೇಳಿಕೊಂಡು ಬಂದಳು. ಚಿಂತಾಮಣಿ ಮಾರ್ಕೆಟ್ಟಿನಲ್ಲಿ ಟೊಮೆಟೊ ಕ್ರೇಟು ಹೊರುವ ಗಂಡ ನಲ್ಲಪ್ಪನಿಗೆ ಫೋನು ಮಾಡಿ, "ಮಗಳನ್ನ ಮುಂದಕ್ಕೆ ಕೂರ್ಸವ್ರೆ ಕಣಯ್ಯ, ಹೆಡ್‌ಮಾಸ್ಟರೇ ಕೂರ್ಸವ್ರೆ" ಅಂತ ಎರಡೆರಡು ಸಲ ಅಂದಳು. ಸಿದ್ಧಾರ್ಥ್ ಬೀದಿಯಲ್ಲಿ ನಿಂತು ತಲೆ, ಕಿವಿ, ಮೂಗು, ಹೆಗಲು ಅಂತ ಪಾಠ ಒಪ್ಪಿಸುತ್ತಿದ್ದ. ಅವನಿಗೆ ಓದು ನಿಧಾನ. ಒತ್ತಕ್ಷರ ಬಂದರೆ ನಿಂತುಬಿಡುತ್ತಿದ್ದ. ಈ ಪರೀಕ್ಷೆಯಲ್ಲಿ ಒತ್ತಕ್ಷರವೇ ಇಲ್ಲ ಅಂತ ಅವನಿಗೆ ಖುಷಿಯೋ ಖುಷಿ.

"ಅಕ್ಕ, ಹೆಗಲು ಮುಟ್ಟುವಾಗ ಒಸಿ ಜೋರಾಗಿ ಮುಟ್ಟು. ನಮಗೆ ಹಿಂದಕ್ಕೆ ಕಾಣ್ಬೇಕಲ್ಲ" ಅನ್ನುತ್ತಿದ್ದ.

ಪರೀಕ್ಷೆಯ ಹಿಂದಿನ ದಿನ ಹೆಡ್‌ಮಾಸ್ಟರು ಸಿದ್ಧಾರ್ಥ್‌ನನ್ನೂ ಕಾಲೋನಿಯ ಉಳಿದ ಹುಡುಗರನ್ನೂ ಕರೆದು, ನಾಳೆ ಯೂನಿಫಾರಂ ಬೇಡ, ಹಳೇ ಬಟ್ಟೆ ಹಾಕಿಕೊಂಡು ಬನ್ನಿ ಅಂದರು. ಆಟ ಆಡಿಸುತ್ತಾರೆ ಅಂದುಕೊಂಡು ಅವರು ಕುಣಿದುಕೊಂಡು ಮನೆಗೆ ಹೋದರು.

ಅವತ್ತು ಬೆಳಿಗ್ಗೆ ಮುನಿಶಾಮಮ್ಮ ಮಗಳನ್ನು ಶೆಡ್ಡಿಗೆ ಕರೆದುಕೊಂಡು ಹೋಗಲಿಲ್ಲ. ತಾನೇ ತಡವಾಗಿ ಹೋಗಿ ಬೈಸಿಕೊಂಡರೂ ಪರವಾಗಿಲ್ಲ ಅಂತ ನಿಂಬೆಹಣ್ಣು ಕೊಯ್ದು ಮಗಳ ಕೈ, ಕುತ್ತಿಗೆ, ಕಿವಿಯ ಹಿಂದೆಲ್ಲ ತಿಕ್ಕಿದಳು. ಸುಲಿದ ಬೆರಳಿಗೆ ನಿಂಬೆ ರಸ ತಾಕಿ ಕಲ್ಯಾಣಿ ಹಲ್ಲು ಕಚ್ಚಿದಳು. "ತಡ್ಕೋ ತಲ್ಲಿ, ತಡ್ಕೋ" ಅಂತ ತಾಯಿ ಊದಿದಳು. ಮುನಿಶಾಮಮ್ಮ ಹೆಚ್ಚು ಪ್ರೀತಿ ಬಂದಾಗ ತೆಲುಗಿಗೆ ಹೋಗುತ್ತಾಳೆ. ಎಣ್ಣೆ ಹಾಕಿ ಎರಡು ಜಡೆ ಬಿಗಿದು ಕಳಿಸಿದಳು.

ಶಾಲೆಯ ಗೇಟಿನಲ್ಲೇ ಅನಸೂಯಮ್ಮ ಕಾಯುತ್ತಿದ್ದರು. ಹತ್ತಿರ ಕರೆದು, ಬಗ್ಗಿ ಮೂಸಿದರು. ಸಂತೆಯಲ್ಲಿ ಮೀನು ಮೂಸುವ ಹಾಗೆ ಮೂಸಿದರು. "ಇನ್ನೂ ಐತಲ್ಲೇ" ಅಂದರು. ರಟ್ಟೆ ಹಿಡಿದು ಶೌಚಾಲಯದ ಪಕ್ಕದ ನಲ್ಲಿಗೆ ಎಳೆದುಕೊಂಡು ಹೋದರು. ಅಲ್ಲಿ ಬಕೆಟ್ಟಿನಲ್ಲಿ ಬ್ಲೀಚಿಂಗ್ ಪೌಡರ್ ಕಲಸಿಟ್ಟಿತ್ತು.

"ಕೈ ಅದ್ದು."

"ಮಿಸ್, ಬೆರಳು ಸುಲ್ದಿದೆ."

"ಒಂಚೂರು ತಡ್ಕೋ. ಪರೀಕ್ಷೆ ಮಾಡೋರು ನಿನ್ನ ಪಕ್ಕದಲ್ಲೇ ನಿಲ್ಲೋದು. ಅವ್ರು ವಾಂತಿ ಮಾಡ್ಕೊಂಡ್ರೆ ಯಾರು ಜವಾಬ್ದಾರಿ?"

ಅವಳು ಅದ್ದಲಿಲ್ಲ. ಮಿಸ್ಸೇ ಅವಳ ಮಣಿಕಟ್ಟು ಹಿಡಿದು ಅದ್ದಿಸಿದರು. ಹಸಿ ಮಾಂಸಕ್ಕೆ ಬ್ಲೀಚಿಂಗ್ ಹತ್ತಿತು. ಕುದಿಯುವ ನೀರಿನಲ್ಲಿ ಕೈಯಿಟ್ಟು ಬೆಳೆದ ಹುಡುಗಿ, ಆದರೂ ಅವಳ ಬಾಯಿಂದ ಕೂಗು ಬಂತು. ಕಣ್ಣಿನಲ್ಲಿ ನೀರು ಬಂತು. ಮಿಸ್ ಬ್ಯಾಗಿನಿಂದ ಪೌಡರ್ ಡಬ್ಬಿ ತೆಗೆದು ಅವಳ ಕುತ್ತಿಗೆಗೂ ಎದೆಗೂ ಉದುರಿಸಿ, "ಈಗ ಮನುಷ್ಯರ ಥರಾ ಕಾಣ್ತೀಯ" ಅಂದು ಒಳಗೆ ಹೋದರು.

ಪೊರಕೆ ಗೀಚುವ ಸದ್ದು ಕೇಳಿ ಕಲ್ಯಾಣಿ ತಿರುಗಿದಳು. ಶೌಚಾಲಯದ ಒಳಗೆ ಸಿದ್ಧಾರ್ಥ್ ಪ್ಯಾಂಟು ಮಡಿಸಿಕೊಂಡು ನೆಲ ತಿಕ್ಕುತ್ತಿದ್ದ. ಕಾಲೋನಿಯ ಉಳಿದ ಹುಡುಗರು ನೀರು ಹೊತ್ತು ಹಾಕುತ್ತಿದ್ದರು. ಬರಿಗಾಲು. ಅದೇ ಬಕೆಟ್ಟಿನ ಬ್ಲೀಚಿಂಗು.

"ಸಾಹೇಬ್ರು ಬರ್ತಾರಂತೆ ಅಕ್ಕ, ಅದಕ್ಕೆ ಕ್ಲೀನು" ಅಂದ ಅವನು. ಆಮೇಲೆ ಪೊರಕೆ ನಿಲ್ಲಿಸಿ ಅಂದ: "ನಮ್ಮನ್ನ ಪರೀಕ್ಷೆಗೆ ಸೇರ್ಸಿಲ್ಲ ಕಣಕ್ಕ. ಆಬ್ಸೆಂಟ್ ಅಂತೆ."

"ಇಲ್ಲೇ ಇದೀಯಲ್ಲೋ!"

"ನಾನೂ ಅದೇ ಅಂದೆ. ಸಾರು ನಗಾಡಿದ್ರು."

ಅವನೂ ನಗಲು ನೋಡಿದ. ಆಗಲಿಲ್ಲ. "ನನಗೆ ನಾಕೂ ಬರ್ತಿತ್ತು ಅಕ್ಕ" ಅಂದ. ಪೊರಕೆ ಹಿಡಿದ ಕೈಯಲ್ಲೇ ತಲೆ, ಕಿವಿ, ಮೂಗು, ಹೆಗಲು ಮುಟ್ಟಿ ತೋರಿಸಿದ.

ಕಲ್ಯಾಣಿ ಉರಿಯುವ ಬೆರಳನ್ನು ಬಾಯಲ್ಲಿಟ್ಟುಕೊಳ್ಳಲೂ ಆಗದೆ ಲಂಗಕ್ಕೆ ಒರೆಸಿಕೊಂಡು ತರಗತಿಗೆ ಬಂದಳು. ಬಾಗಿಲಲ್ಲಿ ಬಯ್ಯಪ್ಪನ ಮೊಮ್ಮಗಳು ಅನಸೂಯಮ್ಮನ ಸೆರಗು ಹಿಡಿದು ಗೋಗರೆಯುತ್ತಿದ್ದಳು.

"ಮಿಸ್, ಇವ್ಳು ನಾಳೆಯಿಂದಾನೂ ನನ್ನ ಪಕ್ಕಾನೇ ಕೂರ್ತಾಳಾ? ನಮ್ಮ ತಾತಂಗೆ ಹೇಳ್ತೀನಿ."

"ಇವತ್ತೊಂದು ದಿನ ತಡ್ಕೊಳಮ್ಮ ಬಂಗಾರಿ. ನಾಳೆ ಹಿಂದಕ್ಕೆ ಕಳಿಸ್ತೀನಿ. ಬೆಂಚೂ ತೊಳಿಸ್ತೀನಿ."

ಬೆಂಚೂ ತೊಳಿಸ್ತೀನಿ. ಹಿಂದಕ್ಕೆ ಕಳಿಸುವ ಮಾತು ಅವಳು ಹೇಗೋ ತಡೆದುಕೊಳ್ಳುತ್ತಿದ್ದಳು. ಅದು ಅಭ್ಯಾಸವಾದ ಜಾಗ. ಆದರೆ ಬೆಂಚು ತೊಳೆಸುವ ಮಾತನ್ನು ತಡೆದುಕೊಳ್ಳಲಾಗಲಿಲ್ಲ. ಅದನ್ನು ತೊಳೆಯಲು ಯಾರ ಕೈಗೆ ಕೊಡುತ್ತಾರೆ ಅನ್ನುವುದೂ ಅವಳಿಗೆ ಗೊತ್ತಿತ್ತು.

ಪರೀಕ್ಷೆ ಮಾಡಲು ಬಂದವನು ಮುದ್ದೇನಹಳ್ಳಿ ಕಡೆಯ ಹುಡುಗ, ಇನ್ನೂ ಓದು ಮುಗಿದಿರದ ತರಬೇತಿಯ ಮೇಷ್ಟ್ರು. ನಿಯಮದಂತೆ ಶಾಲೆಯವರನ್ನೆಲ್ಲ ಆಚೆ ಕಳಿಸಿದ. ಹಾಳೆ ಹಂಚಿದ. ಹಾಜರಿ ಕೂಗುವಾಗ ಸಿದ್ಧಾರ್ಥ್ ಅಂದ. ಯಾರೂ ಉತ್ತರ ಕೊಡಲಿಲ್ಲ. ಆಬ್ಸೆಂಟ್ ಅಂತ ಬರೆದುಕೊಂಡ. ಕಿಟಕಿಯಾಚೆ ಆಬ್ಸೆಂಟ್ ಆದವನು ತಲೆಯ ಮೇಲೆ ನೀರಿನ ಬಿಂದಿಗೆ ಹೊತ್ತುಕೊಂಡು ಹೋಗುತ್ತಿದ್ದ. ಅಷ್ಟು ದೂರ ಕಲ್ಯಾಣಿಗೆ ಮುಖ ಕಾಣಲಿಲ್ಲ, ನಡಿಗೆಯಲ್ಲೇ ಗುರುತು ಸಿಕ್ಕಿತು.

ಅವಳು ಪ್ರಶ್ನೆಪತ್ರಿಕೆ ತೆರೆದಳು. ಹೆಡ್‌ಮಾಸ್ಟರು ಹೇಳಿದ್ದಕ್ಕೆ ಉಲ್ಟಾ, ಮೊದಲು ತನ್ನದನ್ನೇ ಬರೆದಳು. ಪೆನ್ಸಿಲ್ಲು ಹಿಡಿದರೆ ಬೆರಳು ಉರಿಯುತ್ತಿತ್ತು. ಉರಿಯಲಿ ಅಂತ ಒತ್ತಿ ಹಿಡಿದಳು. ಒಂದೊಂದೇ ಓದಿ, ಒಂದೊಂದೇ ಸೊನ್ನೆ ತುಂಬಿದಳು. ಹಿಂದೆ ಬೆಂಚುಗಳು ಕಿರುಗುಟ್ಟಿದವು. "ಏಯ್, ಏಯ್" ಅಂತ ಯಾರೋ ಸಣ್ಣಗೆ ಕರೆದರು. ಆಚೆ ವರಾಂಡದಲ್ಲಿ ಹೆಡ್‌ಮಾಸ್ಟರು ಬೇಕೆಂದೇ ಕೆಮ್ಮಿದರು. ಅವಳು ತಲೆ ಎತ್ತಲಿಲ್ಲ. ಕೊನೆಯ ಸೊನ್ನೆ ತುಂಬಿ, ಹಾಳೆ ಬೋರಲು ಹಾಕಿ, ಆಮೇಲೆ ಬೆಂಚಿನಲ್ಲಿ ಒಂದಿಷ್ಟು ಪಕ್ಕಕ್ಕೆ ತಿರುಗಿ ಕೂತಳು.

ತರಗತಿಯ ಕಣ್ಣುಗಳೆಲ್ಲ ಅವಳ ಮೇಲಿದ್ದವು. ಮೂರನೇ ತರಗತಿಯಿಂದ ತನ್ನನ್ನು ಕಂಡರೆ ಮುಚ್ಚಿಕೊಳ್ಳುತ್ತಿದ್ದ ಮೂಗುಗಳನ್ನು ಅವಳು ಒಂದೊಂದಾಗಿ ನೋಡಿದಳು. ಕೈ ಎತ್ತಿದಳು. ಸುಲಿದ ಎರಡು ಬೆರಳಿನಿಂದ ತನ್ನ ಮೂಗನ್ನು ಹಿಡಿದಳು. ಬಿಗಿಯಾಗಿ ಹಿಡಿದಳು. ಅವರು ಹಿಡಿಯುತ್ತಿದ್ದ ಹಾಗೆಯೇ.

ಎಲ್ಲರೂ ಸಿ ತುಂಬಿದರು.

ಕೆಮ್ಮಿದಳು. ಮತ್ತೆ ಮೂಗು ಹಿಡಿದಳು. ಎಲ್ಲರೂ ಸಿ ತುಂಬಿದರು. ಮತ್ತೆ ಕೆಮ್ಮು, ಮತ್ತೆ ಮೂಗು. ಕಾಲು ಗಂಟೆಗೆ ಎಷ್ಟು ನಿಮಿಷ ಅಂತ ಒಂದು ಪ್ರಶ್ನೆ ಇತ್ತು. ಸಿ ಮುಂದೆ ನಲವತ್ತು ಅಂತಿತ್ತು. ಕಾಲು ಗಂಟೆ ಎಷ್ಟೆಂದು ಆ ತರಗತಿಯ ದಡ್ಡನಿಗೂ ಗೊತ್ತು. ಆದರೆ ಓದಬೇಡಿ ಅಂದಿದ್ದರಲ್ಲ, ಬುದ್ಧಿ ಉಪಯೋಗಿಸಬೇಡಿ ಅಂದಿದ್ದರಲ್ಲ. ಯಾರೂ ಓದಲಿಲ್ಲ. ಬಯ್ಯಪ್ಪನ ಮೊಮ್ಮಗಳು ನಾಲಿಗೆ ಕಚ್ಚಿಕೊಂಡು ಸೊನ್ನೆಯ ಗೆರೆ ದಾಟದ ಹಾಗೆ ಚೆಂದವಾಗಿ ನಲವತ್ತು ನಿಮಿಷ ತುಂಬಿದಳು. ಕೊನೆಯ ಸಾಲಿನಲ್ಲಿ ಮುಸರ್ರತ್ ಒಬ್ಬಳಿಗೆ ಅರ್ಥವಾಯಿತು. ಅವಳು ಕಲ್ಯಾಣಿಯ ಮುಖ ನೋಡಿದಳು, ಮೂಗು ನೋಡಿದಳು, ತಲೆ ತಗ್ಗಿಸಿ ತನ್ನ ಪಾಡಿಗೆ ಓದಿ ತುಂಬತೊಡಗಿದಳು. ಅರ್ಧ ಸರಿ, ಅರ್ಧ ತಪ್ಪು. ಆದರೆ ಅವಳದ್ದೇ.

"ಶೀತಾನಾ?" ಅಂದ ತರಬೇತಿಯ ಮೇಷ್ಟ್ರು ಫೋನಿನಿಂದ ಕಣ್ಣೆತ್ತಿ.

"ವಾಸ್ನೆ ಸಾರ್" ಅಂದಳು ಕಲ್ಯಾಣಿ.

ಹಾಳೆಗಳು ಲಕೋಟೆಗೆ ಸೇರಿ, ಅರಗು ಬಿದ್ದು, ಅವನ್ನು ಒಯ್ಯಲು ಬಂದ ಜೀಪು ಗೇಟು ದಾಟಿದ ಮೇಲೆ ಹೆಡ್‌ಮಾಸ್ಟರು ನಗುನಗುತ್ತಾ ಒಳಗೆ ಬಂದರು. "ಹೆಂಗಾಯ್ತ್ರೋ?" ಅಂದರು.

"ಸೂಪರ್ ಸಾರ್, ಎಲ್ಲಾ ಸಿ!" ಅಂದಿತು ತರಗತಿ.

ಆ ನಗು ಮುಖದ ಮೇಲೆ ಹಾಗೇ ಹೆಪ್ಪುಗಟ್ಟಿತು. ಅವರು ಕಲ್ಯಾಣಿಯ ಕಿವಿ ಹಿಡಿದು ಎಬ್ಬಿಸಿ ಹಿಂದಿನ ಬೆಂಚಿಗೆ ತಳ್ಳಿದರು. ಕೂಗಾಡುವ ಹಾಗಿರಲಿಲ್ಲ, ಕೂಗಿದರೆ ಏನೆಂದು ಕೂಗುವುದು? ಮಾರನೇ ದಿನ ಬೆಂಚು ತೊಳೆಸಿದರು. ತೊಳೆದವನು ಸಿದ್ಧಾರ್ಥ್.

ಕೆಲವು ವಾರಗಳಾದ ಮೇಲೆ ಜಿಲ್ಲೆಯಿಂದ ಒಬ್ಬ ಸಾಹೇಬರು ಬಂದರು. ಒಂದು ಇಡೀ ತರಗತಿ ಎಲ್ಲ ಪ್ರಶ್ನೆಗೂ ಒಂದೇ ಅಕ್ಷರ ತುಂಬಿದ್ದನ್ನು ಕಂಪ್ಯೂಟರ್ ಹಿಡಿದಿತ್ತು. ಎರಡು ಹಾಳೆ ಮಾತ್ರ ಬೇರೆ. ಮುಸರ್ರತ್‌ಳದ್ದು ಅರ್ಧ ತಪ್ಪಿದ್ದುದರಿಂದ ಅವಳ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಕಾಲೋನಿಯ ಹುಡುಗಿಯದ್ದು ಪೂರಾ ಸರಿ ಇತ್ತು. ಅನುಮಾನ ಬಂದದ್ದು ಅಲ್ಲೇ.

ಮುನಿಶಾಮಮ್ಮನನ್ನು ಶೆಡ್ಡಿನಿಂದ ಕರೆಸಿದರು. ಅವಳು ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ ಓಡಿ ಬಂದು, ಹೆಡ್‌ಮಾಸ್ಟರ ಕೋಣೆಯ ಹೊಸ್ತಿಲಾಚೆ ನಿಂತಳು. ಒಳಗೆ ಬಾ ಅಂತ ಯಾರೂ ಅನ್ನಲಿಲ್ಲ. ಕುರ್ಚಿಗಳಲ್ಲಿ ಸಾಹೇಬರು, ಹೆಡ್‌ಮಾಸ್ಟರು, ಬಯ್ಯಪ್ಪ. ಗೋಡೆಗೆ ಒರಗಿ ಅನಸೂಯಮ್ಮ. ನಡುವೆ ಕಲ್ಯಾಣಿ.

"ಇವಳೇ ಸಾರ್" ಅಂದರು ಭಾನುಪ್ರಕಾಶ್. "ಒಳಗೇನು ನಡೀತು ನಮಗೆ ಹೆಂಗೆ ಗೊತ್ತಾಗ್ಬೇಕು? ನಮ್ಮನ್ನ ಆಚೆ ಕಳಿಸಿದ್ರು. ಇವಳು ಸನ್ನೆ ಮಾಡಿ ಎಲ್ಲಾ ಮಕ್ಕಳ ದಾರಿ ತಪ್ಪಿಸಿದ್ದಾಳೆ. ಪಾಪ, ಮಕ್ಕಳು ನಂಬಿಬಿಟ್ಟವು."

"ನಿನ್ನದೊಂದೇ ಎಲ್ಲಾ ಸರಿ ಹೆಂಗೆ ಬಂತಮ್ಮ?" ಅಂದರು ಸಾಹೇಬರು. "ಮೊದಲೇ ಉತ್ತರ ಯಾರು ಕೊಟ್ರು? ನಿಜ ಹೇಳು."

"ಯಾರೂ ಕೊಟ್ಟಿಲ್ಲ ಸಾರ್. ಓದಿ ಬರ್ದೆ."

ಬಯ್ಯಪ್ಪ ಜೋರಾಗಿ ನಕ್ಕ. "ಏಮ್ಮಾ, ಹುಳ ಬೇಯ್ಸೋ ಮನೇಲಿ ಇಷ್ಟೊಂದು ಓದು ಯಾವಾಗ್ನಿಂದ? ನಮ್ಮ ಮಗೂಗೆ ಬರ್ದೇ ಇರೋದು ನಿಂಗೆ ಬಂತಾ? ಮುನಿಶಾಮಮ್ಮ, ಮಗಳ ಕೈಲಿ ತಪ್ಪಾಯ್ತು ಅನ್ನಿಸು. ಇಲ್ದಿದ್ರೆ ಇವತ್ತೇ ಟಿ.ಸಿ. ಕೊಟ್ಟು ಕಳಿಸ್ತಾರೆ."

ಟಿ.ಸಿ. ಅಂದ ಕೂಡಲೇ ಮುನಿಶಾಮಮ್ಮ ಹೊಸ್ತಿಲು ದಾಟಿ ಒಳಗೆ ಬಂದಳು. "ಬ್ಯಾಡ ಸಾಮಿ. ತಿಳೀದ ಮಗು. ತಪ್ಪಾಯ್ತು. ನಾನೇ ಕಾಲು ಹಿಡ್ಕೊಂತೀನಿ" ಅಂತ ಬಗ್ಗಿದಳು. ಊದಿ ಬಿರಿದ ಎರಡು ಕೈ ಸಾಹೇಬರ ಶೂ ಕಡೆ ಹೋದವು. ಸಾಹೇಬರು ಕಾಲು ಹಿಂದಕ್ಕೆ ಎಳೆದುಕೊಂಡರು. ಎಳೆದುಕೊಳ್ಳುತ್ತಾ, ತಮಗೇ ತಿಳಿಯದ ಹಾಗೆ, ಕರವಸ್ತ್ರ ಮೂಗಿಗೆ ಹಿಡಿದರು.

ಅದನ್ನು ಕಲ್ಯಾಣಿ ನೋಡಿದಳು.

ತಾಯಿಯ ರಟ್ಟೆಗೆ ಕೈ ಹಾಕಿ ಮೇಲಕ್ಕೆ ಎತ್ತಿದಳು. "ಬೇಡ ಏಳಮ್ಮ" ಅಂದಳು. ಮುನಿಶಾಮಮ್ಮ ಏಳಲಿಲ್ಲ. "ಏಳು ಅಂದೆ!" ಅಂತ ಕೂಗಿದಳು. ಆ ಕೋಣೆಯಲ್ಲಿ ಆ ಜಾತಿಯ ಗಂಟಲು ಅಷ್ಟು ಎತ್ತರಕ್ಕೆ ಹೋದದ್ದು ಅದೇ ಮೊದಲು.

"ಸನ್ನೆ ನಾನೇ ಮಾಡಿದ್ದು ಸಾರ್. ಎ ಅಂದ್ರೆ ತಲೆ, ಬಿ ಅಂದ್ರೆ ಕಿವಿ, ಡಿ ಅಂದ್ರೆ ಹೆಗಲು. ಸಿ ಅಂದ್ರೆ ಮೂಗು ಅಂತ ಹೇಳ್ಕೊಟ್ಟಿದ್ದು ನಮ್ಮ ಹೆಡ್‌ಮಾಸ್ಟರು. ಬಾಗಿಲು ಹಾಕ್ಕೊಂಡು ಹೇಳ್ಕೊಟ್ರು. ಮೂಗು ಹಿಂಗೆ ಮುಚ್ಕೋಬೇಕು ಅಂತ ಹೇಳ್ಕೊಟ್ಟಿದ್ದು ಕ್ಲಾಸಿನೋರೆಲ್ಲ. ಮೂರನೇ ಕ್ಲಾಸಿಂದ ದಿನಾ ಹೇಳ್ಕೊಟ್ಟವ್ರೆ." ಅವಳು ಕರವಸ್ತ್ರದ ಕಡೆ ಕೈ ತೋರಿಸಿದಳು. "ನಿಮಗೂ ಬರ್ತದಲ್ಲ ಸಾರ್."

ಕರವಸ್ತ್ರ ಕೆಳಗೆ ಇಳಿಯಿತು.

"ಅವತ್ತು ಸಿದ್ಧಾರ್ಥ್ ಆಬ್ಸೆಂಟ್ ಅಲ್ಲ ಸಾರ್. ನೀವೆಲ್ಲ ಹೋಗೋ ಟಾಯ್ಲೆಟ್ಟಲ್ಲಿದ್ದ. ಅದೂ ಬರ್ಕೊಳ್ಳಿ. ತಪ್ಪಾಯ್ತು ಅಂತ ನಾನು ಅನ್ನಲ್ಲ."

ಸಾಹೇಬರು ಏನು ಬರೆದುಕೊಂಡರೋ ಕಲ್ಯಾಣಿಗೆ ಗೊತ್ತಿಲ್ಲ. ಆದದ್ದು ಇಷ್ಟು. ಸಾಮೂಹಿಕ ನಕಲು ಅಂತ ಇಡೀ ತರಗತಿಯ ಹಾಳೆ ರದ್ದಾಯಿತು. ಕಲ್ಯಾಣಿಯದ್ದೂ ರದ್ದು. ಸರಿ ಬರೆದದ್ದಕ್ಕೂ ತಪ್ಪು ಬರೆದದ್ದಕ್ಕೂ ಒಂದೇ ಬೆಲೆ ಕಟ್ಟುವುದರಲ್ಲಿ ಕಚೇರಿಯವರು ಎತ್ತಿದ ಕೈ. ಭಾನುಪ್ರಕಾಶರಿಗೆ ಶಿಕ್ಷೆಯ ವರ್ಗಾವಣೆ ಆಯಿತು, ಚಿಂತಾಮಣಿಗೆ. ಅವರ ಸ್ವಂತ ಮನೆ ಇರುವುದು ಅಲ್ಲೇ. ಹೋಗುವ ದಿನ ಬಯ್ಯಪ್ಪ ಹಾರ ಹಾಕಿ, ಪೇಟ ತೊಡಿಸಿ ಕಳಿಸಿಕೊಟ್ಟ. ಟಿ.ಸಿ. ಮಾತು ಮಾತ್ರ ಯಾರೂ ಮತ್ತೆ ಎತ್ತಲಿಲ್ಲ. ಗಂಗರಾಜು ಕಾಲೋನಿಯ ಹತ್ತಾರು ಜನರನ್ನು ಆಟೋಗಳಲ್ಲಿ ತುಂಬಿಕೊಂಡು ಬಂದು ಶಾಲೆಯ ಗೇಟಿನಲ್ಲಿ ಒಂದು ಮಧ್ಯಾಹ್ನ ಸುಮ್ಮನೆ ನಿಂತಿದ್ದ. ಅಷ್ಟು ಸಾಕಾಯಿತು.

ಹಾರದ ಹೂವು ಇನ್ನೂ ವರಾಂಡದಲ್ಲಿ ಬಿದ್ದಿರುವಾಗಲೇ, ಮಾರನೇ ಬೆಳಿಗ್ಗೆ, ಕಲ್ಯಾಣಿ ಎಂದಿನಂತೆ ಶೆಡ್ಡಿಗೆ ಹೋದಳು. ಗೂಡು ತಡವಿದಳು. ತುದಿ ಹಿಡಿದುಕೊಟ್ಟಳು. ಮುನಿಶಾಮಮ್ಮ ನಿಂಬೆಹಣ್ಣು ಚಾಚಿದಾಗ ಬೇಡ ಅಂದಳು. ಬೆಂದ ಹುಳದ ವಾಸನೆಯನ್ನು ಮೈತುಂಬ ಹೊತ್ತುಕೊಂಡು ಶಾಲೆಗೆ ಬಂದು, ಯಾರೂ ಬರುವ ಮುಂಚೆ, ಮುಂದಿನ ಬೆಂಚಿನ ನಡುವೆ ಕೂತಳು.

ಮಕ್ಕಳು ಬಂದರು. ಕೈಗಳು ಮೂಗಿಗೆ ಹೋದವು. ಬಯ್ಯಪ್ಪನ ಮೊಮ್ಮಗಳು ಬ್ಯಾಗು ಎತ್ತಿಕೊಂಡು ಹಿಂದಕ್ಕೆ ಹೋದಳು. ಬೆಂಚು ಖಾಲಿಯಾಯಿತು. ಸ್ವಲ್ಪ ಹೊತ್ತು ಖಾಲಿಯೇ ಇತ್ತು. ಆಮೇಲೆ ಸಿದ್ಧಾರ್ಥ್ ಬಂದು ಒಂದು ಪಕ್ಕ ಕೂತ. ಮುಸರ್ರತ್ ಬಂದು ಇನ್ನೊಂದು ಪಕ್ಕ ಕೂತಳು.

ಅನಸೂಯಮ್ಮ ಬಂದು ಬಾಗಿಲಲ್ಲೇ ನಿಂತರು. "ಹಿಂದಕ್ಕೆ ಹೋಗ್ರಿ" ಅಂದರು.

ಯಾರೂ ಏಳಲಿಲ್ಲ.

"ಕೇಳಿಸ್ತಾ? ನೀವು ಹಿಂದಕ್ಕೆ ಹೋಗೋವರ್ಗೂ ನಾನು ಪಾಠ ಮಾಡಲ್ಲ."

ಅವರು ಸೀಮೆಸುಣ್ಣ ಕೈಯಲ್ಲಿ ಹಿಡಿದು ಬೋರ್ಡಿನ ಪಕ್ಕ ನಿಂತುಬಿಟ್ಟರು. ಕಲ್ಯಾಣಿ ನೋಟ್‌ಬುಕ್ಕು ತೆರೆದಳು. ಸುಲಿದ ಬೆರಳುಗಳಲ್ಲಿ ಪೆನ್ಸಿಲ್ಲು ಹಿಡಿದು, ಖಾಲಿ ಬೋರ್ಡನ್ನು ನೋಡಿದಳು. ಆಮೇಲೆ ಮಿಸ್ಸಿನ ಮುಖ ನೋಡಿದಳು.

"ಬರೀರಿ ಮಿಸ್" ಅಂದಳು. "ಇಲ್ಲಿಂದ ಕಾಣ್ತದೆ."